ಕರಾವಳಿಯ ಕಂಬದ ಮನೆಗಳೂ ಮರಗೆಲಸದ ಪರಂಪರೆಯೂ

ಸಹ್ಯಾದ್ರಿಯಿಂದ ಇಳಿದು ಪಡುಗಡಲನ್ನು ಸೇರುವ ಸೌಪರ್ಣಿಕಾ, ಚಕ್ರಾ, ವಾರಾಹೀ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿಯಲ್ಲಿ ಒಂದುಗೂಡುವುದರಿಂದ ಆ ಸ್ಥಳಕ್ಕೆ ಪಂಚಗಂಗಾವಳಿಯೆಂಬ ಹೆಸರು ಬಂದಿರುವುದು. ಅದರ ದಡದಲ್ಲಿರುವುದೇ ಕುಂದಾಪುರ. ಅದಕ್ಕೆ ಉತ್ತರದಲ್ಲಿ ಕೊಲ್ಲೂರ ಕ್ಷೇತ್ರವನ್ನು ಮಡಿಲಲ್ಲಿಟ್ಟುಕೊಂಡ ಬೈಂದೂರು. ದಕ್ಷಿಣದಲ್ಲಿ ಸೀತಾನದಿಯ ತೀರದ ಬಾರಕೂರನ್ನೊಳಗೊಂಡ ಬ್ರಹ್ಮಾವರ. ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ಪ್ರತ್ಯೇಕ ತಾಲೂಕುಗಳಾದುವು. ಕೆಳದಿಯ ಅರಸರ ಕಾಲದಲ್ಲಿ ಈ ಸೀಮೆಯೆಲ್ಲವೂ ಘಟ್ಟದ ಮೇಲಿನ ವೀರಶೈವ ಸಂಸ್ಥಾನದ ಆಳಿಕೆಗೆ ಒಳಪಟ್ಟಿದ್ದಿತು. ಕೊಲ್ಲೂರಿನಲ್ಲಿ ಶ್ರೀ ಮೂಕಾಂಬಿಕೆಯ ಸನ್ನಿಧಿಯಲ್ಲಿಯೇ ವೀರಭದ್ರನ ಗುಡಿಯಿರುವುದನ್ನು ಯಾತ್ರೆಗೆ ಹೋದ ಭಕ್ತರು ಕಂಡಿರುವರು. ಕೋಟೆಗಳ ವಿಚಾರವನ್ನೂ ಶಾಸನಗಳ ವಿಚಾರವನ್ನೂ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಆದರೆ ಆ ಸೀಮೆಯ ಜನರು ಎಂತಹ ಮನೆಗಳಲ್ಲಿ ಬಾಳಿದರು, ಆ ಮನೆಗಳನ್ನು ಯಾರ ಕೈಗಳು ಕಟ್ಟಿದುವು, ಅವು ಈಗ ಏನಾದುವು ಎಂಬುದು ಅಷ್ಟಾಗಿ ಚರಿತ್ರೆಯ ಪುಟಗಳಿಗೆ ಬಂದಿಲ್ಲ.

ಘಟ್ಟದ ಮೇಲಿನವರಿಗೆ ಮೊದಲು ಹೇಳಬೇಕಾದುದು ಅಲ್ಲಿಯ ಮಳೆಯ ವಿಷಯ. ವರ್ಷವೊಂದಕ್ಕೆ ಸುಮಾರು 4000 ಮಿಲಿಮೀಟರು ಮಳೆ ಆ ನೆಲದ ಮೇಲೆ ಬೀಳುವುದು; ಅದರಲ್ಲಿ ಬಹುಭಾಗ ಜೇಷ್ಠದಿಂದ ಭಾದ್ರಪದದೊಳಗಾಗಿ ಸುರಿದು ಹೋಗುವುದು. ಬಯಲುಸೀಮೆಯ ಮಾಳಿಗೆಯ ಮನೆಯನ್ನು ಅಲ್ಲಿ ಕಟ್ಟಿದರೆ ಒಂದು ಮಳೆಗಾಲವನ್ನೂ ತಾಳದು. ಆದುದರಿಂದ ಅಲ್ಲಿ ಮನೆಯೆಂದರೆ ಮೊದಲು ಮಾಡು. ಗೋಡೆಯೆಂಬುದು ಆಮೇಲಿನ ಮಾತು. ಕಡಿದಾದ ಇಳಿಜಾರಿನ ಮಾಡು ಜಗಲಿಯನ್ನು ದಾಟಿ ಹೊರಕ್ಕೆ ಚಾಚಿಕೊಂಡು, ಆಳೆತ್ತರಕ್ಕೆ ಬಾಗಿ ನಿಲ್ಲುವುದು. ಹೊಸಬನು ಒಳಗೆ ಹೋಗಬೇಕಾದರೆ ತಲೆ ತಗ್ಗಿಸಲೇ ಬೇಕು. ಆ ಭಾರವಾದ ಮಾಡನ್ನು ಹೊರುವುದು ಗೋಡೆಯಲ್ಲ, ಕಂಬಗಳು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ನೆತ್ತಿಯವರೆಗೆ ಪಕಾಸುಗಳು, ಪಕಾಸುಗಳ ಮೇಲೆ ಅಡ್ಡಲಾಗಿ ರೀಪುಗಳು. ಹೀಗೆ ಮೇಲಿನ ಭಾರವೆಲ್ಲ ಮರದಿಂದ ಮರಕ್ಕೆ ಇಳಿದು ಕೊನೆಗೆ ಕಲ್ಲಿನ ಪಂಚಾಂಗವನ್ನು ಸೇರುವುದು. ಸಿರಿವಂತರ ಮನೆಗಳನ್ನು ಜನರು ‘ಕಂಬದ ಮನೆ’ ಎಂದು ಕರೆಯುತ್ತ ಬಂದಿರುವುದು ಈ ಕಾರಣದಿಂದಲೇ.

ಗೋಡೆಗೆ ಬೇಕಾದ ಕಲ್ಲನ್ನು ನೆಲವೇ ಒದಗಿಸುತ್ತಿದ್ದಿತು. ಆ ಭಾಗದ ಕೆಂಪು ಮುರಕಲ್ಲು ನೆಲದೊಳಗಿರುವಾಗ ಮೆದುವಾಗಿದ್ದು, ಹಾರೆ ಕೊಡಲಿಗಳಿಂದಲೇ ಇಟ್ಟಿಗೆಯಂತೆ ಕೊಯ್ದು ತೆಗೆಯಬಹುದು. ಗಾಳಿ ಬಿಸಿಲುಗಳು ತಾಗಿದ ಮೇಲೆ ಗಟ್ಟಿಯಾಗಿ ನಿಲ್ಲುವುದು. ಕುಂಪಣಿ ಸರಕಾರದ ಅಪ್ಪಣೆಯಂತೆ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಆ ಹೆಸರು ಲೋಕದ ಭೂಶಾಸ್ತ್ರಕ್ಕೆಲ್ಲ ಸೇರಿಹೋಯಿತು. 1801ರ ಮೊದಲ ತಿಂಗಳುಗಳಲ್ಲಿ ಅವನು ಬಾರಕೂರು, ಕುಂದಾಪುರ, ಬೈಂದೂರುಗಳ ಮಾರ್ಗವಾಗಿಯೇ ಉತ್ತರಕ್ಕೆ ನಡೆದವನು.

ಇನ್ನು ಮರದ ವಿಚಾರ. ಹಿತ್ತಿಲಲ್ಲಿ ಬೆಳೆದ ಹಲಸಿಗೆ ಮೊದಲ ಮಾನ್ಯತೆ. ಹೊಸದಾಗಿ ಕೊಯ್ದಾಗ ಅರಸಿನದಂತೆ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಕಂದಾಗಿ, ಕೈಯಾಡಿದಷ್ಟೂ ಹೊಳಪನ್ನು ಪಡೆಯುವ ಈ ಮರಕ್ಕೆ ಗೆದ್ದಲಿನ ಕಾಟ ಕಡಿಮೆ. ಕಂಬ, ಬಾಗಿಲು, ದೇವರ ಮಂಟಪ, ಕೂಡುವ ಮಣೆ ಎಲ್ಲವೂ ಅದರಲ್ಲಿಯೇ ಆಗುತ್ತಿದ್ದುವು. ಘಟ್ಟದ ತಪ್ಪಲಿನ ಹೆಬ್ಬಲಸು, ಭೋಗಿ, ಮತ್ತಿಗಳು ತೊಲೆಗೂ ಪಕಾಸಿಗೂ ಬರುತ್ತಿದ್ದುವು. ತೇಗ, ಬೀಟೆಗಳು ಉಳ್ಳವರ ಪಾಲಿಗೆ. ಬಡವರ ಮನೆಗೆ ಅಡಿಕೆ ದಬ್ಬೆ, ಬಿದಿರು, ಮುಳಿಹುಲ್ಲು, ತೆಂಗಿನ ಮಡಲುಗಳೇ ಗತಿ. ಮರವನ್ನು ಕೃಷ್ಣಪಕ್ಷದಲ್ಲಿ ಕಡಿದರೆ ಹುಳು ಹಿಡಿಯದೆಂಬ ನಂಬಿಕೆಯಿಂದ ದಿನವನ್ನು ನೋಡಿಯೇ ಕೊಡಲಿ ಹಾಕುತ್ತಿದ್ದರು. ಕಡಿದುದನ್ನು ಕೂಡಲೇ ಉಪಯೋಗಿಸದೆ ನೆರಳಿನಲ್ಲಿಟ್ಟು ಆರಿಸುತ್ತಿದ್ದರು. ತಂದೆಯು ಹಲಗೆ ಕೊಯ್ಯಿಸಿಟ್ಟು, ಮಗನು ಮನೆ ಕಟ್ಟಿಸಿದ ಉದಾಹರಣೆಗಳಿಗೆ ಆ ನಾಡಿನಲ್ಲಿ ಕೊರತೆಯಿಲ್ಲ.

ಈ ಕೆಲಸವನ್ನು ನಡೆಸುತ್ತ ಬಂದವರು ವಿಶ್ವಕರ್ಮ ಕುಲದ ಆಚಾರಿಗಳು. ಮನೆ ಕಟ್ಟಿಸುವ ಯಜಮಾನನು ಮೊದಲು ಕರೆಸುತ್ತಿದ್ದುದು ಅವರನ್ನೇ. ನೆಲವನ್ನು ನೋಡಿ, ಕೋಲಿನಿಂದ ಅಳೆದು, ಆಯವನ್ನು ಗೊತ್ತುಮಾಡುವುದು ಆಚಾರಿಯ ಅಧಿಕಾರವಾಗಿದ್ದಿತು. ಅಳತೆಯ ಲೆಕ್ಕವನ್ನು ಎಂಟರಿಂದ ಭಾಗಿಸಿ ಉಳಿಯುವ ಶೇಷದಿಂದ ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕವೆಂಬ ಎಂಟು ಆಯಗಳನ್ನು ಹೇಳುವರು. ಇವುಗಳಲ್ಲಿ ಬೆಸಸಂಖ್ಯೆಯ ಧ್ವಜ, ಸಿಂಹ, ವೃಷಭ, ಗಜಗಳು ಶುಭ. ಶುಭಾಶುಭದ ಮಾತು ಹೇಗೂ ಇರಲಿ. ಈ ಲೆಕ್ಕದಿಂದ ಒಂದು ದೊಡ್ಡ ಪ್ರಯೋಜನವಿದ್ದಿತು. ಒಂದೇ ಮೂಲದ ಅಳತೆಯಿಂದ ಅಂಗಳ, ಚಾವಡಿ, ಬಾಗಿಲು, ಕಂಬಗಳೆಲ್ಲ ಹುಟ್ಟುತ್ತಿದ್ದುದರಿಂದ ಕಾಗದದ ಮೇಲೆ ಗೆರೆ ಎಳೆಯದೆಯೇ ಇಡೀ ಮನೆ ಆಚಾರಿಯ ತಲೆಯೊಳಗೆ ಸಿದ್ಧವಾಗಿರುತ್ತಿದ್ದಿತು. ಬಾಚಿ, ಉಳಿ, ಕೊಡತಿ, ಬೈರಿಗೆ, ಗರಗಸ, ಕೀಸುಳಿ ಇವಿಷ್ಟೇ ಅವನ ಆಯುಧಗಳು. ಕಲ್ಯಾಣದ ಶರಣಗಣದಲ್ಲಿ ಬಾಚಿಕಾಯಕದ ಬಸವಯ್ಯನಿಗೆ ಸ್ಥಾನವಿದ್ದುದನ್ನು ಬಲ್ಲ ವಾಚಕರಿಗೆ ಈ ಆಯುಧಗಳ ಹಿರಿಮೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಆ ಮನೆಗಳ ಗುಟ್ಟು ಕೂಡಿಕೆಯಲ್ಲಿದೆ. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಗೂಡನ್ನು ತೆಗೆದು, ಎರಡನ್ನೂ ಕೂರಿಸಿ, ಅಡ್ಡಲಾಗಿ ಮರದ ಗೂಟವನ್ನು ಹೊಡೆಯುವರು. ಕಬ್ಬಿಣದ ಮೊಳೆಯ ಅಗತ್ಯ ಬಹು ಕಡಿಮೆ. ಕಡಲಿನ ಉಪ್ಪುಗಾಳಿಗೆ ಕಬ್ಬಿಣವು ತುಕ್ಕು ಹಿಡಿದು ಮರವನ್ನೂ ಕೆಡಿಸುವುದೆಂಬುದು ಅವರಿಗೆ ತಿಳಿದಿದ್ದಿತು. ಗೂಟವನ್ನು ಹಿಂದಕ್ಕೆ ಹೊಡೆದರೆ ಕೂಡಿಕೆ ಬಿಚ್ಚಿಕೊಳ್ಳುವುದು. ತೊಲೆ ಹಾಳಾದರೆ ತೊಲೆಯೊಂದನ್ನೇ ಬದಲಾಯಿಸಬಹುದು. ಬೇಕೆಂದರೆ ಮನೆಯನ್ನೇ ಬಿಚ್ಚಿ ಬೇರೆಡೆಯಲ್ಲಿ ನಿಲ್ಲಿಸಬಹುದು. ಕಲ್ಲು ಗಾರೆಗಳ ಕಟ್ಟಡಕ್ಕೆ ಇಲ್ಲದ ಈ ಗುಣವೇ ಮುಂದೆ ಆ ಮನೆಗಳ ಅಳಿವಿಗೂ ಉಳಿವಿಗೂ ಕಾರಣವಾಯಿತು.

ಮನೆಯೊಳಗಿನ ಸಾಮಾನುಗಳಾದರೋ ಅದೇ ಆಚಾರಿಯ ಕೈಯಿಂದ, ಬಹುಮಟ್ಟಿಗೆ ಅದೇ ಮರದ ಉಳಿಕೆಯಿಂದ ಆಗುತ್ತಿದ್ದುವು. ತೊಲೆಗೆ ಕೊಯ್ದ ಹಲಸಿನಲ್ಲಿ ಮಿಕ್ಕುದು ಕಾಲುಮಣೆಯಾಗುವುದು, ಮೆಟ್ಟುಕತ್ತಿಯ ಹಲಗೆಯಾಗುವುದು, ಶ್ಯಾವಿಗೆಯ ಒರಳಾಗುವುದು. ಅನ್ನ ಬಸಿಯುವುದಕ್ಕೆ ಮರಿಗೆ, ಧಾನ್ಯ ತುಂಬುವುದಕ್ಕೆ ಕಣಜ, ಒಡವೆವಸ್ತ್ರಗಳಿಗೆ ಹಿತ್ತಾಳೆಯ ಪಟ್ಟಿ ಬಡಿದ ಪೆಟ್ಟಿಗೆ, ಚಾವಡಿಯಲ್ಲಿ ಸರಪಣಿಯಿಂದ ತೂಗುವ ಮಂಚ, ಮಗುವಿಗೆ ತೊಟ್ಟಿಲು. ಮಳೆಯು ಹೊರಗೆ ಕಾಲಿಡಗೊಡದ ಆಷಾಢದಲ್ಲಿ ಹೆಂಗಸರು ಮಕ್ಕಳು ಕುಳಿತು ಆಡುವ ಚೆನ್ನೆಮಣೆಗೂ ಹದಿನಾಲ್ಕು ಗುಳಿಗಳನ್ನು ತೋಡಿಕೊಡುತ್ತಿದ್ದವನು ಅವನೇ. ಉಪ್ಪಿನಕುದ್ರುವಿನ ಕಾಮತ ಮನೆತನದವರು ಆಡಿಸುತ್ತ ಬಂದ ಸೂತ್ರದ ಗೊಂಬೆಗಳೂ ಈ ಸೀಮೆಯ ಮರಗೆತ್ತನೆಯ ಬಳಗಕ್ಕೇ ಸೇರಿದುವು. ಇವು ಯಾವುವನ್ನೂ ಅಂಗಡಿಯಲ್ಲಿ ಕೊಂಡು ತರುತ್ತಿರಲಿಲ್ಲ. ಮನೆಯವರ ಎತ್ತರ, ಅಡುಗೆಯವಳ ಕೈಯಳತೆ, ಅಜ್ಜನ ಕಾಲುನೋವು ಎಲ್ಲವನ್ನೂ ತಿಳಿದ ಆಚಾರಿಯು ಅದಕ್ಕೆ ತಕ್ಕಂತೆ ಮಾಡುತ್ತಿದ್ದನು. ಕೂಲಿಯಾಗಿ ಅವನಿಗೆ ದೊರೆಯುತ್ತಿದ್ದುದು ಹೆಚ್ಚಾಗಿ ಅಕ್ಕಿ.

ಇಂತಹ ಮನೆಗಳನ್ನು ಕಟ್ಟಿಸುವ ಐಶ್ವರ್ಯವೂ ಅಕ್ಕಿಯಿಂದಲೇ ಬಂದುದು. ವಾರಾಹಿಯ ದಡದ ಬಸರೂರು ಪೂರ್ವದಲ್ಲಿ ದೊಡ್ಡ ಬಂದರವಾಗಿದ್ದು, ಅಲ್ಲಿಂದ ಅಕ್ಕಿಯು ಗೋವೆಗೂ ಅರಬರ ದೇಶಕ್ಕೂ ಹೋಗುತ್ತಿದ್ದಿತು. ಪೋರ್ತುಗೀಜರು ಈ ಅಕ್ಕಿಗಾಗಿಯೇ ಆ ನದೀಮುಖದಲ್ಲಿ ಕೋಟೆಯನ್ನು ಹಿಡಿದು ಕುಳಿತಿದ್ದರು. ಕೆಳದಿಯ ಶಿವಪ್ಪನಾಯಕನು (1645-1660) ಅವರನ್ನು ಹೊರಡಿಸಿದನು. ಭೂಮಿಗೆ ಅವನು ಗೊತ್ತುಮಾಡಿದ ತೀರುವೆಯು ‘ಶಿಸ್ತು’ ಎಂದು ಇಂದಿಗೂ ಪ್ರಸಿದ್ಧವಾಗಿರುವುದು. 1665ರಲ್ಲಿ ಛತ್ರಪತಿ ಶಿವಾಜಿಯು ಹಡಗುಗಳ ಮೂಲಕ ಬಂದು ಬಸರೂರನ್ನು ಸೂರೆಮಾಡಿದುದು ಆ ಪೇಟೆಯ ಸಿರಿಗೆ ಸಾಕ್ಷಿ. ವೆಂಕಟಪ್ಪನಾಯಕನ ಕಾಲದಲ್ಲಿ, 1623ರಲ್ಲಿ, ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಜಂಗಮರನ್ನೂ ಅವರಿಗೆ ಸಲ್ಲುವ ಗೌರವವನ್ನೂ ವರ್ಣಿಸಿದಂತೆಯೇ, ಈ ನಾಡಿನವರು ಸಗಣಿ ಸಾರಿಸಿ ನಯಗೊಳಿಸಿದ ನೆಲವನ್ನೂ ಮೆಚ್ಚಿ ಬರೆದಿದ್ದಾನೆ.

ಆದರೆ ಆ ಕಾಲದ ಮರದ ಮನೆಗಳು ಈಗ ಕಣ್ಣಿಗೆ ಬೀಳುವುದು ಅಪೂರ್ವ. ಮಳೆ, ಗೆದ್ದಲು, ಬೆಂಕಿಗಳು ಅವನ್ನು ನುಂಗಿದುವು. ಈಚೆಗೆ ಉಳಿದುಬಂದ ಮನೆಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದವು. ಹಳೆಯ ಮರಗೆಲಸದ ರೂಪವನ್ನು ನೋಡಬೇಕಾದರೆ ಕಲ್ಲಿನ ಗುಡಿಗಳಿಗೆ ಹೋಗಬೇಕು. ಮೂಡಬಿದಿರೆಯ ಸಾವಿರ ಕಂಬದ ಬಸದಿಯ (1430) ಇಳಿಜಾರು ಮಾಡು, ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಚಪ್ಪಡಿಯ ಮಾಡು, ಇವೆಲ್ಲವೂ ಮರದಲ್ಲಿ ಕಲಿತ ಪಾಠವನ್ನು ಕಲ್ಲಿನಲ್ಲಿ ಒಪ್ಪಿಸಿದಂತಿವೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ, 1799ರಲ್ಲಿ ಈ ಕರಾವಳಿ ಕುಂಪಣಿಯ ಕೈಸೇರಿತು. ಕುಂಪಣಿಗೆ ಮುಂಬಯಿಯ ಹಡಗುಕಟ್ಟೆಗಾಗಿ ತೇಗ ಬೇಕಾಗಿದ್ದಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರು ಕನ್ನಡ ಜಿಲ್ಲೆಗಳ ಅರಣ್ಯಗಳಿಗೆ ಅಧಿಕಾರಿಯನ್ನಾಗಿ ನೇಮಿಸಿ, ತೇಗದ ಮರವೆಲ್ಲ ಸರಕಾರದ್ದೆಂದು ಸಾರಿದರು. ರೈತನು ತನ್ನ ಮನೆಯ ಬಾಗಿಲಿಗಾಗಿಯೂ ತೇಗವನ್ನು ಮುಟ್ಟುವಂತಿರಲಿಲ್ಲ. ಜನರ ಅಸಮಾಧಾನ ಬಲಿಯಿತು. ಹಿಂದೆ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಈ ನೆಲವನ್ನು ಬಲ್ಲವನಾಗಿದ್ದ ಥಾಮಸ್ ಮನ್ರೋ ಮದರಾಸಿನ ಗವರ್ನರನಾದ ಮೇಲೆ, 1823ರಲ್ಲಿ, ಆ ಹುದ್ದೆಯನ್ನು ತೆಗೆದುಹಾಕಿದನು. ಈ ನೆಮ್ಮದಿ ಬಹುಕಾಲ ನಿಲ್ಲಲಿಲ್ಲ. 1882ರ ಮದರಾಸು ಅರಣ್ಯ ಕಾಯಿದೆಯಿಂದ ಘಟ್ಟದ ಕಾಡುಗಳು ಬೇಲಿಯೊಳಗಾದುವು. ಸಾಗುವಳಿಯ ಗದ್ದೆಯಿಂದ ನೂರು ಗಜದೊಳಗಿನ ಕುಮ್ಕಿಯ ನೆಲದಲ್ಲಿ ಸೊಪ್ಪು ಸೌದೆ ತೆಗೆಯುವ ಸವಲತ್ತು ಮಾತ್ರ ರೈತನಿಗೆ ಉಳಿಯಿತು. ಮನೆಗಳ ಮರದಲ್ಲಿ ಹಿತ್ತಿಲ ಹಲಸಿಗೆ ಪ್ರಾಧಾನ್ಯ ಹೆಚ್ಚುವುದಕ್ಕೆ ಇದೂ ಒಂದು ಕಾರಣವಾಗಿದ್ದಿರಬೇಕು.

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಮಾಡಿನ ಮೇಲಿಂದ ಇಳಿದುಬಂದಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದರು. ಮಲ್ಪೆಯಲ್ಲಿಯೂ ಕುಂದಾಪುರದ ಹೊಳೆಬದಿಯಲ್ಲಿಯೂ ಅಂತಹ ಕಾರಖಾನೆಗಳು ಕ್ರಮೇಣ ಎದ್ದುವು. ಗದ್ದೆಯ ಜೇಡಿಮಣ್ಣು, ಸುಡಲು ಸೌದೆ, ಸಾಗಿಸಲು ದೋಣಿ ಮೂರೂ ಅಲ್ಲಿ ಸುಲಭವಾಗಿ ದೊರೆಯುತ್ತಿದ್ದುವು. ಹುಲ್ಲಿನ ಮಾಡಿಗೆ ಪ್ರತಿವರ್ಷ ಹೊದಿಕೆ ಬೇಕು, ಬೆಂಕಿಯ ಭಯ ಬೇರೆ. ಹಂಚು ಈ ಎರಡರಿಂದಲೂ ಬಿಡುಗಡೆ ಕೊಟ್ಟಿತು. ಆದರೆ ಹಂಚು ಆಚಾರಿಯಿಂದ ಒಂದು ಬೆಲೆಯನ್ನು ಕೇಳಿತು. ಹುಲ್ಲು ಡೊಂಕು ಬಿದಿರನ್ನೂ ಸಹಿಸುವುದು. ಅಚ್ಚಿನಲ್ಲಿ ಒತ್ತಿ ಬಂದ ಹಂಚು ಸಹಿಸದು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರಬೇಕಾದರೆ ರೀಪುಗಳೆಲ್ಲ ಒಂದೇ ಅಂತರದಲ್ಲಿ ದಾರ ಹಿಡಿದಂತೆ ನೆಟ್ಟಗಿರಬೇಕು. ಅಲ್ಲಿಯವರೆಗೆ ಮನೆಯ ಅಳತೆಯು ಆಚಾರಿಯ ಕೋಲಿನಿಂದ ಹೊರಡುತ್ತಿದ್ದಿತು. ಇನ್ನು ಮೇಲೆ ಮಾಡಿನ ಅಳತೆ ಕಾರಖಾನೆಯ ಅಚ್ಚಿನಿಂದ ಹೊರಟಿತು. ಬಹು ಸಣ್ಣ ಸಂಗತಿಯಂತೆ ತೋರಿದರೂ ಈ ಕಸುಬಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಆಚಾರಿಗಳು ಅದನ್ನು ಗೆದ್ದರೆಂಬುದೂ ನಿಜ. ಹಂಚಿನ ಮಾಡು, ಮರದ ಮುಚ್ಚಿಗೆ, ಕೆತ್ತನೆಯ ಕಂಬಗಳಿಂದ ಕೂಡಿದ ಚೆಲುವಾದ ಮನೆಗಳು ಅನಂತರದ ಕಾಲದಲ್ಲಿಯೇ ಹೆಚ್ಚಾಗಿ ಎದ್ದುವು.

ಇಪ್ಪತ್ತನೆಯ ಶತಮಾನದಲ್ಲಿ ಹಣವು ಹೊಸ ದಾರಿಯಿಂದ ಬಂದಿತು. ಕೋಟ, ಸಾಲಿಗ್ರಾಮ, ಕುಂದಾಪುರ, ಬೈಂದೂರುಗಳ ತರುಣರು ಬೆಂಗಳೂರು, ಮುಂಬಯಿ, ಮದರಾಸುಗಳಿಗೆ ಹೋಗಿ ಹೋಟೆಲುಗಳನ್ನಿಟ್ಟರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಉಪಾಹಾರಗೃಹವು ಮಾವಳ್ಳಿ ಟಿಫಿನ್ ರೂಂ ಎಂದು ಲೋಕಪ್ರಸಿದ್ಧವಾಗಿರುವುದು. ಪರಸ್ಥಳದಲ್ಲಿ ದುಡಿದ ಹಣದಿಂದ ಊರಿನಲ್ಲಿ ಹಂಚಿನ ಮನೆಯನ್ನು ಕಟ್ಟಿಸುವುದು ಮರ್ಯಾದೆಯ ವಿಷಯವಾಯಿತು. ಊರುಬಿಟ್ಟವರಿಗೂ ಊರ ನೆಲಕ್ಕೂ ಇರುವ ಈ ಸೆಳೆತವನ್ನು ಕೋಟದಲ್ಲಿಯೇ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಚಿತ್ರಿಸಿರುವುದು ಸರ್ವವಿದಿತ.

ಈ ಮನೆಗಳ ಬೆನ್ನೆಲುಬು ಮುರಿದುದು ಎರಡು ಕಾಯಿದೆಗಳ ತರುವಾಯ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕೂಡುಕುಟುಂಬದ ಪಾಲಿಗೆ ದಾರಿ ಮಾಡಿತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯ ಭೂಮಿಯನ್ನು ಉಳುವವನಿಗೆ ಕೊಟ್ಟಿತು. ಕೆಸರಿನಲ್ಲಿ ನಿಂತವನಿಗೆ ನೆಲ ದೊರೆತುದು ನ್ಯಾಯವೇ ಸರಿ. ಅದಕ್ಕಾಗಿ ಕಣ್ಣೀರಿಡುವುದು ಧರ್ಮವಲ್ಲ. ಆ ಚಾವಡಿಯ ಕೆತ್ತನೆಯ ಕಂಬಗಳು ಗೇಣಿಯ ಮುಡಿಗಳ ಮೇಲೆ ನಿಂತಿದ್ದುವೆಂಬುದನ್ನೂ, ಆ ಕಂಬವನ್ನು ಕೆತ್ತಿದವನ ಸ್ವಂತ ಮನೆಗೆ ಬಹುಸಲ ಹುಲ್ಲಿನ ಮಾಡೇ ಇದ್ದಿತೆಂಬುದನ್ನೂ ಮರೆಯಬಾರದು. ಆದರೆ ಫಲವೇನಾಯಿತೆಂದರೆ, ನಲವತ್ತು ಐವತ್ತು ಜನರಿಗಾಗಿ ಕಟ್ಟಿದ ಮನೆಯಲ್ಲಿ ಇಬ್ಬರು ಮುದುಕರು ಉಳಿದರು. ಹಂಚು ಕೈಯಾಡಿಸುವವರಿಲ್ಲದೆ ಮಾಡು ಸೋರಿತು. ಸೋರಿದ ಮರಕ್ಕೆ ಗೆದ್ದಲು ಹತ್ತಿತು. ಪಾಲಿನ ತಕರಾರಿನಲ್ಲಿ ಮನೆಯನ್ನು ಭಾಗಿಸಲಾರದೆ ಬಿಚ್ಚಿ ಭಾಗಿಸಿಕೊಂಡರು. ಹಳೆಯ ವಸ್ತುಗಳ ವ್ಯಾಪಾರಿಗಳು ಹಳ್ಳಿ ಹಳ್ಳಿಗೆ ಬಂದು, ಬಾಗಿಲು, ಕಂಬ, ಪೆಟ್ಟಿಗೆ, ತೂಗುಮಂಚಗಳನ್ನು ಬಿಡಿಬಿಡಿಯಾಗಿ ಕೊಂಡು ಒಯ್ದರು. ಸುಲಭವಾಗಿ ಬಿಚ್ಚಿಕೊಳ್ಳುವ ಕೂಡಿಕೆಯೇ ಆ ವ್ಯಾಪಾರಕ್ಕೂ ಅನುಕೂಲವಾಯಿತು. ಒಂದೇ ಆಯದಿಂದ ಹುಟ್ಟಿದ ಅಂಗಾಂಗಗಳು ಹತ್ತು ಊರುಗಳ ಪಾಲಾದುವು.

ಬ್ರಹ್ಮಾವರ ಸೀಮೆಯ ಶಿರಿಯಾರದ ಬಳಿಯ ಮೆಕ್ಕೆಕಟ್ಟುವಿನ ವೃತ್ತಾಂತವನ್ನು ಇಲ್ಲಿ ಹೇಳುವುದು ಅಪ್ರಕೃತವಾಗಲಾರದು. ಅಲ್ಲಿಯ ನಂದಿಕೇಶ್ವರನ ಗುಡಿಯಲ್ಲಿ ನೂರಕ್ಕೂ ಮೇಲ್ಪಟ್ಟು ಬಣ್ಣದ ಮರದ ಮೂರ್ತಿಗಳಿವೆ. ಕೆಲವು ಆಳೆತ್ತರಕ್ಕೂ ಮಿಕ್ಕುವುಗಳು. ಜೀರ್ಣವಾದ ಹಳೆಯ ಮೂರ್ತಿಗಳು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದುವು. ಗುಡಿಯಲ್ಲಿ ಹೊಸ ಮೂರ್ತಿಗಳು ನಿಂತುವು. ದಿಲ್ಲಿಯಲ್ಲಿರುವ ಹಳೆಯವು ಪೂಜೆಯಿಲ್ಲದೆ ಉಳಿದಿವೆ, ಊರಿನಲ್ಲಿರುವ ಹೊಸವು ಪೂಜೆಗೊಳ್ಳುತ್ತಿವೆ. ಜೀರ್ಣವಾದ ಮರದ ಮೂರ್ತಿಯನ್ನು ನೀರಿಗೆ ಬಿಟ್ಟು ಹೊಸದನ್ನು ಕೆತ್ತಿಸುವುದೇ ಆ ನಾಡಿನ ಹಳೆಯ ಪದ್ಧತಿಯಾದುದರಿಂದ ಊರವರು ತಪ್ಪಿದರೆನ್ನಲಾಗದು. ಮರವನ್ನು ನಂಬಿದ ನಾಡಿನಲ್ಲಿ ಉಳಿಸಬೇಕಾದುದು ವಸ್ತುವನ್ನೋ, ಅದನ್ನು ಪುನಃ ಮಾಡುವ ಕೈಯನ್ನೋ ಎಂಬ ಪ್ರಶ್ನೆ ಅಲ್ಲಿಂದಲೇ ಏಳುವುದು.

ವಸ್ತುವಿನ ಪಕ್ಷವನ್ನು ಹಿಡಿದು ದುಡಿದವರಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಅಗ್ರಗಣ್ಯರು. ಬ್ಯಾಂಕಿನ ನೌಕರಿಯಲ್ಲಿದ್ದ ಇವರು ಮೊದಲು ಹಳೆಯ ಮನೆಗಳ ಬಿಡಿಭಾಗಗಳಿಂದಲೇ ತಮ್ಮ ವಾಸಕ್ಕೆ ಒಂದು ಮನೆಯನ್ನು ಕಟ್ಟಿಕೊಂಡರು. ಬಿಡಿಭಾಗಗಳನ್ನು ಉಳಿಸಿದರೆ ಸಾಲದು, ಮನೆಯನ್ನು ಇಡಿಯಾಗಿ ಉಳಿಸಬೇಕೆಂದು ಮನಗಂಡು, ಹಸ್ತಶಿಲ್ಪವೆಂಬ ಸಂಸ್ಥೆಯ ಮೂಲಕ ಅಳಿವಿನಂಚಿನ ಮನೆಗಳನ್ನು ಬಿಚ್ಚಿ ತರಿಸಿ, ತುಂಡುತುಂಡಿಗೂ ಗುರುತು ಹಾಕಿಸಿ, ಮಣಿಪಾಲದಲ್ಲಿ ಮೊದಲಿನಂತೆಯೇ ನಿಲ್ಲಿಸಿದರು. ಕುಂದಾಪುರ ಸೀಮೆಯ ಹರ್ಕೂರು ಒಳಗಿನಮನೆ, ಕುಂದಾಪುರ ಪೇಟೆಯ ವಡೇರಹೋಬಳಿಯ ಮನೆಗಳೂ ಅವುಗಳಲ್ಲಿ ಸೇರಿರುವುವು. ಶೆಣೈಯವರು 2017ರಲ್ಲಿ ಕಾಲವಾದರು. ಆ ಮನೆಗಳ ಸಾಲಿನಲ್ಲಿ ವೀರಶೈವ ಜಂಗಮ ಮಠವೊಂದೂ ನಿಂತಿರುವುದೆಂಬುದು ಈ ಸಂಪುಟದ ವಾಚಕರಿಗೆ ವಿಶೇಷವಾಗಿ ತಿಳಿಯಬೇಕಾದ ಸಂಗತಿ. ಮಠವೆಂದರೆ ದಾಸೋಹದ ಹೊಗೆಯೂ ಶಿಷ್ಯರ ಸದ್ದೂ ತುಂಬಿರಬೇಕಾದ ಸ್ಥಳ. ಅಲ್ಲಿ ಅದು ನೋಡುವವರಿಗಾಗಿ ನಿಂತಿದೆ. ಅದನ್ನು ಕಂಡು ಹೆಮ್ಮೆಪಡುವುದಕ್ಕೂ ಕಾರಣವಿದೆ, ತಲೆತಗ್ಗಿಸುವುದಕ್ಕೂ ಕಾರಣವಿದೆ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಮರದ ಕಟ್ಟಡವನ್ನು ಕೆಡವಿ ಸಿಮೆಂಟಿನ ಚಪ್ಪಡಿಯನ್ನು ಹಾಕುವುದು ಇಂದು ಮಠಮಂದಿರಗಳಲ್ಲಿ ಎಲ್ಲೆಲ್ಲಿಯೂ ನಡೆದಿರುವಾಗ, ಒಂದು ಜಂಗಮ ಮಠದ ಕಂಬಗಳನ್ನು ಹೊತ್ತು ತಂದು ನಿಲ್ಲಿಸುವುದಕ್ಕೆ ಮಠದ ಶಿಷ್ಯನಲ್ಲದ ಒಬ್ಬ ಗೃಹಸ್ಥನೇ ಮುಂದಾಗಬೇಕಾಯಿತು.

ಈಚೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಹೊಸ ಮನೆ ಕಟ್ಟಿಸುವವರು ಪುನಃ ಮರದ ಕಡೆಗೆ ತಿರುಗುತ್ತಿರುವರು. ಕಾಂಕ್ರೀಟಿನ ಮಾಳಿಗೆ ಸೋರುವುದೆಂದು ಅದರ ಮೇಲೆಯೇ ಹಂಚಿನ ಮಾಡನ್ನು ಕಟ್ಟಿಸುವುದು ಮನೆಮನೆಯಲ್ಲಿಯೂ ಕಾಣುವುದು. ಮುಂಬಾಗಿಲಿಗೆ ಕೆತ್ತನೆಯ ದಾರಂದ, ಚಾವಡಿಗೆ ನಾಲ್ಕು ಮರದ ಕಂಬ, ಒಂದು ತೂಗುಮಂಚ ಬೇಕೆಂದು ಅಪೇಕ್ಷಿಸುವರು. ಆ ಕಂಬಗಳಲ್ಲಿ ಕೆಲವು ಏನನ್ನೂ ಹೊರುವುದಿಲ್ಲ. ಸಿಮೆಂಟಿನ ಕಂಬಕ್ಕೆ ಹೊದಿಸಿದ ಮರದ ಅಂಗಿಗಳಷ್ಟೇ. ಹಡಗಿನಲ್ಲಿ ಬಂದ ಪರದೇಶದ ಮರವನ್ನು ಯಂತ್ರವು ಗಳಿಗೆಯೊಳಗೆ ಕೆತ್ತಿಹಾಕುವುದು. ಹಿತ್ತಿಲ ಮರವನ್ನು ಕಡಿಯಬೇಕಾದರೂ 1976ರ ವೃಕ್ಷಸಂರಕ್ಷಣೆಯ ಕಾಯಿದೆಯಂತೆ ಅಪ್ಪಣೆ ಪಡೆಯಬೇಕಾದ ಸಂದರ್ಭಗಳಿವೆ. ಹೀಗಿದ್ದರೂ ಮುಚ್ಚಿಗೆಯ ಹಲಗೆಯನ್ನು ಮೊಳೆಯಿಲ್ಲದೆ ಕೂರಿಸಬಲ್ಲ, ಆಯವನ್ನು ಬಾಯಲ್ಲಿಯೇ ಲೆಕ್ಕಹಾಕಬಲ್ಲ ಆಚಾರಿಗಳು ಆ ಸೀಮೆಯಲ್ಲಿ ಇನ್ನೂ ಇದ್ದಾರೆ. ಗುಡಿಗಳ ಕೆಲಸ, ರಥದ ಕೆಲಸಗಳು ಅವರ ಉಳಿಯನ್ನು ತುಕ್ಕು ಹಿಡಿಯಗೊಡಲಿಲ್ಲ. ಹಳೆಯ ಮನೆಯೊಂದನ್ನು ಬಿಚ್ಚುವಾಗ ಯಾವ ಗೂಟವನ್ನು ಮೊದಲು ಹೊಡೆಯಬೇಕು, ಯಾವ ತೊಲೆಯ ಯಾವ ಮಗ್ಗುಲಿಗೆ ಗುರುತನ್ನು ಕೊರೆಯಬೇಕು ಎಂದು ತೋರಿಸುವವರು ಅವರೇ. ಆ ಗುರುತುಗಳನ್ನು ಓದಿ ಕಂಬವನ್ನು ಮತ್ತೆ ಅದರ ಬೋದಿಗೆಗೆ ಸೇರಿಸುವವರೂ ಅವರೇ.